ಕೋಟೆ ಬರೆಯಲು ಎಐ: ಡಬ್ಬದಿಂದ ಬಣ್ಣದವರೆಗೆ ನನ್ನ ಅನುಭವ

ಎಐಗೆ ಗೊತ್ತಿರುವುದು ಯುರೋಪಿನ ಕೋಟೆ, ಅದರಿಂದ ಪಾಳೇಗಾರರ ಕೋಟೆ ಬರೆಸೋಕಾಗಲ್ಲ ಎಂದವರೇ ಹೆಚ್ಚು. ಬರೀ ಪ್ರಾಂಪ್ಟ್ (ಎಐಗೆ ಬರೆದುಕೊಡುವ ಸೂಚನೆ) ನಂಬಿದರೆ ಅವರ ಮಾತು ನಿಜ. ಆದರೂ ಚಿತ್ರದುರ್ಗದ ಕೋಟೆಯನ್ನು ಆಧಾರವಾಗಿಟ್ಟ ಒಂದು ಗೇಮಿಗೆ 26 ಫ್ರೇಮ್ (ದೃಶ್ಯದ ಚಿತ್ರ) ಕೊಟ್ಟೆ, ತಿದ್ದಲು ವಾಪಸ್ ಬಂದದ್ದು ಎರಡೇ. ಮೊದಲ ಗೆರೆ, ಕೊನೆಯ ಬಣ್ಣ ಎರಡನ್ನೂ ಎಐ ಕೈಗೆ ಬಿಡದೆ ನಡುವಿನ ಕೆಲಸಕ್ಕೆ ಮಾತ್ರ ಹಚ್ಚಿದ್ದರಿಂದ ಆದದ್ದು ಇದು.

ಮೊದಲ ಮೂರು ವಾರ ಚಿತ್ರ ಬರೆಯುವ ಎಐ ಮಾಡೆಲ್ ಆದ ಎಸ್‌ಡಿಎಕ್ಸ್‌ಎಲ್‌ಗೆ ಬರೀ ಪ್ರಾಂಪ್ಟ್ ಕೊಟ್ಟು ಹಾಳಾಯಿತು. ಆರೇಳು ನೂರು ಚಿತ್ರಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಚೂಪು ತುದಿಯ ಬುರುಜು, ಗಾರೆ ಮೆತ್ತಿದ ಇಟ್ಟಿಗೆ, ಹೊರಗಿನಿಂದ ಅಂಗಳದವರೆಗೆ ನೇರವಾಗಿ ಕಾಣುವ ಬಾಗಿಲು. ದುರ್ಗದ ಗೋಡೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದು. ಬಾಗಿಲ ಬಳಿ ದಾರಿ ತಿರುಗುತ್ತದೆ, ಆನೆಗೆ ಓಡಿಬಂದು ಗುದ್ದಲು ಜಾಗ ಸಿಗಬಾರದೆಂದು. ಆ ತಿರುವು ಪ್ರಾಂಪ್ಟಿಗೆ ಬಗ್ಗುವುದಿಲ್ಲ. ಬಾಡಿಗೆಯ ಗ್ರಾಫಿಕ್ಸ್ ಕಾರ್ಡಿಗೆ, ಅಂದರೆ ಜಿಪಿಯುಗೆ, ಸುಮಾರು 4,500 ರೂಪಾಯಿ ಹೋಯಿತು. ಆಮೇಲೆ ಸೆಕೆಂಡ್‌ಹ್ಯಾಂಡ್ 3060, 12 ಜಿಬಿ ಕಾರ್ಡ್ ತಂದೆ, 20,000ದ ಆಸುಪಾಸು.

ಮಾಡೆಲ್‌ಗೆ ನಮ್ಮ ಫೋಟೊಗಳಿಂದ ಹೊಸದನ್ನು ಕಲಿಸುವ ಸಣ್ಣ ಜೋಡಣೆಯೇ ಲೋರಾ. ಅದಕ್ಕೆ ಮೊದಲ ಸಲ 120 ಫೋಟೊ ಸುರಿದದ್ದೇ ತಪ್ಪು. ಮಧ್ಯಾಹ್ನದ ಬಿಸಿಲು, ಕಬ್ಬಿಣದ ರೇಲಿಂಗು, ಪ್ರವಾಸಿಗರ ಟೋಪಿ ಎಲ್ಲ ಒಳಗೆ ಹೋಯಿತು. ಅದಕ್ಕಿಂತ ಕೆಟ್ಟದ್ದು ಗುಡ್ಡದ ಸಾಲಿನ ಗಾಳಿಯಂತ್ರಗಳು. 18ನೇ ಶತಮಾನದ ಬತೇರಿಯ ಹಿಂದೆ ಫ್ಯಾನು ನಿಂತುಬಿಟ್ಟವು. ಎರಡನೇ ಸಲ 38 ಫೋಟೊ ಸಾಕಾಯಿತು, ಎಲ್ಲವೂ ಬೆಳಿಗ್ಗೆ 9ರೊಳಗೆ ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ ತೆಗೆದದ್ದು. ಕ್ಯಾಪ್ಷನ್‌ನಲ್ಲಿ ರೇಲಿಂಗ್, ಜನ, ಫ್ಯಾನ್ ಎಂದು ಬೇಡದ್ದನ್ನೆಲ್ಲ ಹೆಸರು ಹಿಡಿದು ಬರೆದೆ, ಕಲ್ಲಿನ ಜೋಡಣೆಯ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಬರೆಯದೆ ಬಿಟ್ಟದ್ದೇ ಟ್ರಿಗರ್ ಪದಕ್ಕೆ (ಪ್ರಾಂಪ್ಟಿನಲ್ಲಿ ಲೋರಾವನ್ನು ಕರೆಯುವ ಪದ) ಅಂಟುತ್ತದೆ. ರ‍್ಯಾಂಕ್ (ಲೋರಾದ ಗಾತ್ರ) 16, ಹತ್ತಿರಹತ್ತಿರ 1,800 ಸ್ಟೆಪ್ ಕಲಿಕೆ. 2,500 ದಾಟಿಸಿದಾಗ ಮೋಡದ ಮೇಲೂ ಕಲ್ಲಿನ ಸಂದು ಕಾಣಿಸಿತು. ಏಪ್ರಿಲ್‌ನಲ್ಲಿ ದಾವಣಗೆರೆಯ ಸೆಕೆಗೆ ಕಾರ್ಡ್ 80 ಡಿಗ್ರಿ ದಾಟುತ್ತಿತ್ತು, 170 ವ್ಯಾಟ್ ಮಿತಿಯನ್ನು 130ಕ್ಕೆ ಇಳಿಸಿದೆ. ವೇಗ ಅಂಥಾ ಕಡಿಮೆಯಾಗಲಿಲ್ಲ. ಕರೆಂಟ್ ಯಾವಾಗ ಬೇಕಾದರೂ ಹೋಗುತ್ತದೆ, 200 ಸ್ಟೆಪ್‌ಗೊಮ್ಮೆ ಸೇವ್ ಇರಲೇಬೇಕು.

ಕೆಲಸ ದಾರಿಗೆ ಬಂದದ್ದು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮಾಡಿದ ಒರಟು ಮಾದರಿ, ಅಂದರೆ ಬ್ಲಾಕೌಟ್‌ನಿಂದ. ಬರೀ ಡಬ್ಬಗಳು, 40 ನಿಮಿಷ ಸಾಕು. ಗೋಡೆ, ತಿರುವು, ಗುಂಡುಬಂಡೆ, ಅಳತೆಗೆ ಐದೂವರೆ ಅಡಿಯ ಒಂದು ಆಳು. ಅದರ ಡೆಪ್ತ್ ಪಾಸನ್ನು (ಯಾವುದು ಹತ್ತಿರ, ಯಾವುದು ದೂರ ಎಂದು ತೋರಿಸುವ ಚಿತ್ರ) ಎಐ ಓಡಿಸುವ ಕಂಫಿಯುಐನಲ್ಲಿ, ಆಕಾರ ಹಿಡಿದಿಡುವ ಕಂಟ್ರೋಲ್‌ನೆಟ್‌ಗೆ 0.7 ತೂಕದಲ್ಲಿ ಕೊಟ್ಟು, ಚಿತ್ರ ಮೂಡುವ ಸ್ಟೆಪ್‌ಗಳಲ್ಲಿ ಶೇ 60ರಷ್ಟು ಆದ ಮೇಲೆ ಬಿಡಿಸಬೇಕು. ಕೊನೆಯವರೆಗೆ ಹಿಡಿದರೆ ಡಬ್ಬದ ಅಂಚುಗಳೇ ಉಳಿದು ಬಂಡೆ ಪ್ಲಾಸ್ಟಿಕ್ಕಿನಂತಾಗುತ್ತದೆ. ತೂಕ 0.5ಕ್ಕಿಂತ ಇಳಿದರೆ ದಾರಿಯ ತಿರುವು ಮತ್ತೆ ನೆಟ್ಟಗಾಗುತ್ತದೆ. ಮೊದಲ ಸುತ್ತು 1344×768ರಲ್ಲಿ, ಅದರ ಮೇಲೆ ಕ್ರಿತಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಕೈಬಣ್ಣ, ಆಮೇಲೆ ಎಐ ಚಿತ್ರವನ್ನು ಎಷ್ಟು ಬದಲಿಸಬೇಕೆಂದು ಹೇಳುವ 0.3 ಡಿನಾಯ್ಸ್‌ನಲ್ಲಿ ಇನ್ನೊಂದು ಸುತ್ತು, ಮತ್ತೆ ಕೈಬಣ್ಣ. ಎರಡು ಸುತ್ತಿನ ನಡುವೆ ನಾನು ಹಾಕುವ ಒಂದು ಬೂದು ಲೇಯರ್ ಇದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಓಬವ್ವನ ಕಿಂಡಿಯ ಫ್ರೇಮಿನಲ್ಲಿ ಎಐ ಸೋತದ್ದು ಒನಕೆಗೆ. ಒಮ್ಮೆ ಈಟಿ ಕೊಟ್ಟಿತು, ಇನ್ನೊಮ್ಮೆ ಬೇಸ್‌ಬಾಲ್ ಬ್ಯಾಟು. ಒನಕೆಯ ಭಾರ, ತುದಿಯ ಕಬ್ಬಿಣದ ಅಣಸು, ಅದನ್ನು ಎತ್ತಿದ ತೋಳಿನ ಬಿಗಿ, ಎಲ್ಲ ಕೈಯಲ್ಲೇ ಬರೆದು ಎಐ ಮುಟ್ಟದಂತೆ ಮಾಸ್ಕ್ ಹಾಕಿದೆ. ಕೋಟೆಯಲ್ಲಿ ಸಿಡಿಮದ್ದು ಬೀಸುತ್ತಿದ್ದ ನಾಲ್ಕು ಕಲ್ಲುಗಳನ್ನಂತೂ ನೀರಿನ ಗಿರಣಿ ಮಾಡಿಟ್ಟಿತ್ತು.

ನಡುವೆ ಸಂತೇಬೆನ್ನೂರಿನ ಪುಷ್ಕರಿಣಿಯ ಮೇಲೂ ಕೈಯಾಡಿಸಿದೆ, ಗೇಮಿಗೂ ಅದಕ್ಕೂ ಸಂಬಂಧವಿಲ್ಲ. ನೀರಿನ ನಡುವಿನ ವಸಂತ ಮಂಟಪ ಚೆನ್ನಾಗಿಯೇ ಬಂತು, ಆದರೆ ಮೇಲಿನ ಕಮಾನುಗಳ ಲೆಕ್ಕವೇ ಬೇರೆ, ಪ್ರತಿಬಿಂಬದ್ದೇ ಬೇರೆ. ಡೆಪ್ತ್ ಪಾಸ್‌ಗೆ ನೀರು ಎಂದರೆ ಚಪ್ಪಟೆ ನೆಲ. ನೀರಿನ ಹಾಳೆ ತೆಗೆದು, ಬ್ಲಾಕೌಟನ್ನೇ ಆ ಮಟ್ಟದಿಂದ ಕೆಳಕ್ಕೆ ತಲೆಕೆಳಗಾಗಿ ನಕಲು ಮಾಡಿಟ್ಟಾಗ ಸರಿಹೋಯಿತು.

ದುಡ್ಡಿನ ವಿಷಯ. ಪೂರ್ತಿ ಕೈಯಲ್ಲೇ ಬರೆದಾಗ ಫ್ರೇಮಿಗೆ ನಾಲ್ಕು ದಿನ, 9,000ದ ಹತ್ತಿರ. ಈಗ ಒಂದೂವರೆ ದಿನ. "ಎಐ ತಾನೇ, ಮೂರು ಸಾವಿರ ಮಾಡ್ಕೊಳ್ಳಿ" ಎಂದು ಗೇಮಿನವರು ಶುರುಮಾಡಿದರು. ದಿನದ ಲೆಕ್ಕ ಬಿಟ್ಟು ಫ್ರೇಮಿಗೆ 7,000 ಹೇಳಿದೆ, ಜೊತೆಗೆ 3ಡಿಯಲ್ಲಿ ಕಟ್ಟುವ ಮಾಡೆಲರ್‌ಗೆ ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಅಳತೆಯ ಹಾಳೆ. ಒಪ್ಪಿಕೊಂಡರು, ಏಕೆಂದರೆ ಅವರಿಗೆ ನಿಜವಾಗಿ ಬೇಕಿದ್ದದ್ದು ಆ ಹಾಳೆ. ಎಐ ಬರೆದ ಬಾಗಿಲಿಗೆ ಹಿಂಬದಿಯಿಲ್ಲ, ಅಗುಳಿ ಕೂರುವ ಜಾಗವಿಲ್ಲ. ಅದನ್ನೇ ಪಕ್ಕದಿಂದ ಕೇಳಿದರೆ ಬೇರೆ ಬಾಗಿಲು ಕೊಡುತ್ತದೆ. ಬ್ಲಾಕೌಟ್ ಕೈಯಲ್ಲಿದ್ದರೆ ಹಾಳೆ ಅರ್ಧ ದಿನದ ಕೆಲಸ. ಬರೀ ಮೂಡ್‌ಬೋರ್ಡ್, ಬಣ್ಣದ ಥಂಬ್‌ನೇಲ್ ಮಾರುತ್ತಿದ್ದವರ ಕೆಲಸ ಹೋಗಿದೆ, ಅದು ತಿರುಗಿ ಬರುತ್ತದೆಂದು ನನಗೆ ಅನ್ನಿಸುವುದಿಲ್ಲ. ಹೊಸ ಹುಡುಗರು ಪರ್ಸ್‌ಪೆಕ್ಟಿವ್ ಬಿಟ್ಟು ಪ್ರಾಂಪ್ಟ್ ಕಲಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಬಾಗಿಲಿಗೆ ಹಿಂಬದಿ ಕೊಡಬೇಕಾದವರು ಅವರೇ ಅಲ್ಲವೇ?

ಫೈಲು ಮಾತ್ರ ಅಳಿಸಬೇಡಿ. 2023ರಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ಒಂದು ಕಾಮಿಕ್ಸ್‌ನ ಬರಹಕ್ಕೆ, ಚಿತ್ರಗಳ ಜೋಡಣೆಗೆ ಹಕ್ಕು ಒಪ್ಪಿ, ಮಿಡ್‌ಜರ್ನಿ ಎಂಬ ಎಐ ಕೊಟ್ಟ ಚಿತ್ರಗಳಿಗೆ ಒಪ್ಪಲಿಲ್ಲ. 2024ರ ಜನವರಿಯಿಂದ ಗೇಮ್ ಮಾರುವ ತಾಣ ಸ್ಟೀಮ್ ಕೂಡ ಗೇಮಿನಲ್ಲಿ ಎಐ ಬಳಸಿದ್ದನ್ನು ತಿಳಿಸಲು ಕೇಳುತ್ತದೆ. ಅದಕ್ಕೇ, ಯಾವುದು ನನ್ನ ಕೈಕೆಲಸ, ಯಾವುದು ಎಐದು ಎಂದು ತೋರಿಸಲು, ಪೆನ್ಸಿಲ್ ಸ್ಕೆಚ್, ಬ್ಲೆಂಡ್ ಫೈಲ್, ಎಐ ಪಾಸ್, ಕೈಬಣ್ಣ ನಾಲ್ಕಕ್ಕೂ ಬೇರೆ ಬೇರೆ ಫೋಲ್ಡರ್, ತಾರೀಖಿನ ಸಮೇತ. ಫ್ರೇಮಿಗೆ 2 ಜಿಬಿ ಹಿಡಿಯುತ್ತದೆ, 1 ಟಿಬಿ ಡಿಸ್ಕ್ ಒಂದು ಬೇರೆಯೇ ಇಟ್ಟಿದ್ದೇನೆ.