ಸೂರ್ಯನ ಕಾಂತಚುಕ್ಕೆಗಳನ್ನು ಹಿಂಬಾಲಿಸುವುದು ಹೇಗೆ?

ಸೌರಕಲೆಗಳ ಚಿತ್ರವನ್ನು ನೀವು ನೋಡಿರುತ್ತೀರಿ. ಕಲೆಯೇ ಇಲ್ಲದ, ಖಾಲಿ ಎನಿಸುವ ಜಾಗದಲ್ಲೂ ಸಾವಿರಾರು ಸಣ್ಣ ಕಾಂತಚುಕ್ಕೆಗಳು, ಅಂದರೆ ಕಾಂತಕ್ಷೇತ್ರ ಗಟ್ಟಿಯಾಗಿರುವ ಪುಟ್ಟ ಜಾಗಗಳು, ಎಡೆಬಿಡದೆ ಅಲೆಯುತ್ತಿರುತ್ತವೆ. ನನಗೆ ಕಲೆಗಳಿಗಿಂತ ಇವುಗಳ ಮೇಲೆಯೇ ಪ್ರೀತಿ ಹೆಚ್ಚು. ಕಂಪ್ಯೂಟರ್, ಇಂಟರ್ನೆಟ್ ಮತ್ತು ತಾಳ್ಮೆ ಇದ್ದರೆ ಕಾಲೇಜು ವಿದ್ಯಾರ್ಥಿಗಳೂ ಇವುಗಳ ನಡೆಯನ್ನು ಅಳೆಯಬಹುದು.

ಇವು ಅಲೆಯುವುದೇಕೆ? ಆಲೆಮನೆಯ ಕೊಪ್ಪರಿಗೆಯನ್ನು ನೆನಪಿಸಿಕೊಳ್ಳಿ. ನಡುವೆ ಉಕ್ಕಿದ ಕಬ್ಬಿನ ಹಾಲು ನೊರೆಯನ್ನು ಅಂಚಿಗೆ ತಳ್ಳುತ್ತದೆ. ಸೂರ್ಯನ ಮೇಲ್ಮೈಯಲ್ಲಿ ಗ್ರ್ಯಾನ್ಯೂಲ್ ಎಂಬ ಕುದಿಗುಳ್ಳೆಗಳು ಸುಮಾರು 1,000 ಕಿ.ಮೀ. ಅಗಲವಿದ್ದು, ಸುಮಾರು ಹತ್ತು ನಿಮಿಷದಲ್ಲಿ ಅಳಿದು ಹೊಸವು ಹುಟ್ಟುತ್ತವೆ. ಅವುಗಳಿಗಿಂತ ದೊಡ್ಡ ಸೂಪರ್‌ಗ್ರ್ಯಾನ್ಯೂಲ್‌ಗಳ ಅಗಲ ಸುಮಾರು 30,000 ಕಿ.ಮೀ., ಆಯಸ್ಸು ಹೆಚ್ಚುಕಡಿಮೆ ಒಂದು ದಿನ. ಕಾಂತಚುಕ್ಕೆಗಳು ಇವುಗಳ ಅಂಚಿನಲ್ಲಿ ನೊರೆಯಂತೆ ಸೇರುತ್ತವೆ. ಗುಳ್ಳೆ ಅಳಿದಾಗ ಅಂಚೂ ಚದುರಿ, ಚುಕ್ಕೆ ಬೇರೆ ದಿಕ್ಕು ಹಿಡಿಯುತ್ತದೆ.

ಮೊದಲು ಚಿತ್ರಗಳನ್ನು ಪಡೆಯಿರಿ. 2010ರಲ್ಲಿ ಉಡಾವಣೆಯಾದ ನಾಸಾದ ಎಸ್‌ಡಿಒ ಉಪಗ್ರಹದ ಎಚ್‌ಎಂಐ ಉಪಕರಣ 45 ಸೆಕೆಂಡಿಗೊಂದರಂತೆ ಕಾಂತಚಿತ್ರ, ಅಂದರೆ ಕಾಂತಕ್ಷೇತ್ರದ ನಕ್ಷೆ, ಕೊಡುತ್ತದೆ. ಎಲ್ಲವೂ ಉಚಿತ. ಬಿಳಿ ಒಂದು ಧ್ರುವ, ಕಪ್ಪು ಅದರ ವಿರುದ್ಧ ಧ್ರುವ. ಸೌರಬಿಂಬದ ನಡುಭಾಗದಲ್ಲಿ ಕಲೆಗಳಿಲ್ಲದ ಚೌಕವೊಂದನ್ನು ಆರಿಸಿಕೊಂಡು, ಒಂದು ದಿನದ ಚಿತ್ರಗಳನ್ನು ಇಳಿಸಿಕೊಳ್ಳಿ.

ನಂತರ ಸೂರ್ಯನ ತಿರುಗುವಿಕೆಯನ್ನು ಕಳೆಯಿರಿ. ಸಮಭಾಜಕದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2 ಕಿ.ಮೀ.; ಚುಕ್ಕೆಗಳ ಸ್ವಂತ ನಡಿಗೆ ಅದಕ್ಕಿಂತ ನಿಧಾನ. ಧ್ರುವಗಳತ್ತ ಹೋದಂತೆ ತಿರುಗುವಿಕೆ ನಿಧಾನವಾಗುವುದರಿಂದ ಇಡೀ ಚಿತ್ರವನ್ನು ಒಂದೇ ಅಳತೆಯಲ್ಲಿ ಸರಿಸಿದರೆ ಲೆಕ್ಕ ಕೆಡುತ್ತದೆ.

ಚುಕ್ಕೆ ಗುರುತಿಸುವುದು ಸುಲಭ. ಈ ಚಿತ್ರಗಳಲ್ಲಿ ಗದ್ದಲವೇ, ಅಂದರೆ ಅಳತೆಯಲ್ಲಿ ಬೆರೆಯುವ ಏರುಪೇರೇ, ಸುಮಾರು 10 ಗಾಸ್‌ನಷ್ಟಿರುತ್ತದೆ (ಗಾಸ್ ಎಂಬುದು ಕಾಂತಕ್ಷೇತ್ರದ ಅಳತೆಯ ಏಕಮಾನ). ಆದ್ದರಿಂದ 30 ಗಾಸ್ ಮೀರಿದ, ಅಕ್ಕಪಕ್ಕದ ಕೆಲವಾದರೂ ಪಿಕ್ಸೆಲ್‌ಗಳು ಸೇರಿದ ಗುಂಪನ್ನು ಮಾತ್ರ ಚುಕ್ಕೆಯೆಂದು ಎಣಿಸಿ.

ನಿಜವಾದ ಕಷ್ಟವಿರುವುದು ಒಂದು ಚಿತ್ರದ ಚುಕ್ಕೆಯನ್ನು ಮುಂದಿನ ಚಿತ್ರದ ಅದೇ ಚುಕ್ಕೆಗೆ ಜೋಡಿಸುವಲ್ಲಿ. ಎರಡು ಚುಕ್ಕೆಗಳು ಕೂಡಬಹುದು, ಒಂದು ಸೀಳಬಹುದು, ವಿರುದ್ಧ ಧ್ರುವಗಳು ಎದುರಾಗಿ ಎರಡೂ ಅಳಿಯಬಹುದು. ಚುಕ್ಕೆ ಸೀಳಿದ ಗಳಿಗೆಯಲ್ಲಿ ಅದರ ಕೇಂದ್ರಬಿಂದು ತಟ್ಟನೆ ಜಿಗಿಯುತ್ತದೆ. ಅದು ಚಲನೆಯಲ್ಲ, ನಮ್ಮ ಎಣಿಕೆಯ ದೋಷ. ಹಾಗಾಗಿ ಕೂಡಿದ ಅಥವಾ ಸೀಳಿದ ಕ್ಷಣದಲ್ಲೇ ಆ ಜಾಡನ್ನು ಮುಗಿಸಿ, ಹೊಸ ಜಾಡು ಆರಂಭಿಸಿ. ಜಾಡುಗಳು ಚಿಕ್ಕವಾಗುತ್ತವೆ, ಆದರೆ ನಂಬಿಕೆಗೆ ಅರ್ಹವಾಗಿರುತ್ತವೆ. ಒಂದು ಗಂಟೆಯ ಚಿತ್ರಗಳನ್ನಾದರೂ ಕಣ್ಣಾರೆ ನೋಡಿ, ಕಂಪ್ಯೂಟರಿನ ಜೋಡಣೆಯನ್ನು ಪರೀಕ್ಷಿಸದೆ ಮುಂದೆ ಹೋಗಬೇಡಿ.

ಇನ್ನು ಅಳತೆ. ಚುಕ್ಕೆಗಳು ಎಲ್ಲ ದಿಕ್ಕಿಗೂ ಹೋಗುವುದರಿಂದ ಸ್ಥಳಾಂತರಗಳ ಸರಾಸರಿ ಸೊನ್ನೆಯ ಹತ್ತಿರ ಬರುತ್ತದೆ. ಆದ್ದರಿಂದ ಪ್ರತಿ ಸ್ಥಳಾಂತರವನ್ನೂ ವರ್ಗ ಮಾಡಿ ಸರಾಸರಿ ತೆಗೆಯಿರಿ. ಈ ಸರಾಸರಿ ಕಾಲಕ್ಕೆ ನೇರ ಅನುಪಾತದಲ್ಲಿ ಬೆಳೆದರೆ ಅದು ಗೊತ್ತುಗುರಿಯಿಲ್ಲದ ಅಲೆದಾಟ. ಅದಕ್ಕಿಂತ ಬೇಗ ಬೆಳೆದರೆ ಯಾವುದೋ ಹರಿವು ಚುಕ್ಕೆಗಳನ್ನು ಒಂದೇ ದಿಕ್ಕಿಗೆ ಸ್ವಲ್ಪ ಹೊತ್ತು ಒಯ್ಯುತ್ತಿದೆ ಎಂದರ್ಥ.

ಕಾಗದದ ಮೇಲೂ ಒಂದು ಅಂದಾಜು ಮಾಡಿ. ಸೂಪರ್‌ಗ್ರ್ಯಾನ್ಯೂಲ್‌ನ ಅರ್ಧ ಅಗಲ, ಅಂದರೆ 15,000 ಕಿ.ಮೀ., ಒಂದು ಹೆಜ್ಜೆ, ದಿನಕ್ಕೊಂದು ಹೆಜ್ಜೆ. ಅಲೆದಾಟದಲ್ಲಿ ದೂರ ಬೆಳೆಯುವುದು ಹೆಜ್ಜೆಗಳ ವರ್ಗಮೂಲದಂತೆ. ನೂರು ದಿನಕ್ಕೆ ಹತ್ತು ಹೆಜ್ಜೆಯಷ್ಟು, 1,50,000 ಕಿ.ಮೀ.; ಅದರ ಎರಡರಷ್ಟು ಹೋಗಲು ನಾನೂರು ದಿನ ಬೇಕು. ಸೂರ್ಯನ ಮೇಲ್ಮೈಯಲ್ಲಿ ಕಾಂತತ್ವ ಹೀಗೆ ಹರಡುತ್ತದೆ ಎಂಬ ವಿಚಾರವನ್ನು 1964ರಲ್ಲಿ ಮುಂದಿಟ್ಟವರು ಅಮೆರಿಕದ ರಾಬರ್ಟ್ ಲೇಟನ್.

ಇದಿಷ್ಟು ಕೈಗೂಡಿದರೆ ಕೊಡೈಕೆನಾಲ್ ವೀಕ್ಷಣಾಲಯದ ಹಳೆಯ ಚಿತ್ರಗಳತ್ತ ಹೊರಳಿ. ಕ್ಯಾಲ್ಸಿಯಂ ಬೆಳಕಿನಲ್ಲಿ, ಅಂದರೆ ಕ್ಯಾಲ್ಸಿಯಂಗೆ ಸೇರಿದ ಒಂದೇ ಬಣ್ಣದ ಬೆಳಕನ್ನು ಮಾತ್ರ ಸೋಸಿ, 1904ರಿಂದ ತೆಗೆದ ಅವುಗಳನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದಿದೆ. ಕಾಂತಕ್ಷೇತ್ರ ಗಟ್ಟಿಯಾಗಿರುವ ಜಾಗ ಅವುಗಳಲ್ಲಿ ಹೊಳೆಯುತ್ತದೆ. ಚಿತ್ರಗಳ ನಡುವಿನ ಅಂತರ ದೊಡ್ಡದಾದ್ದರಿಂದ ಒಂಟಿ ಚುಕ್ಕೆಯ ಜಾಡು ಸಿಗುವುದಿಲ್ಲ. ಆದರೆ ಸೌರಕಲೆ ಮಾಸಿದ ಮೇಲೂ ಅದರ ಸುತ್ತಲಿನ ಹೊಳಪು ವಾರಗಟ್ಟಲೆ ಹರಡುತ್ತ, ತೆಳುವಾಗುತ್ತ ಹೋಗುವುದನ್ನು ಕಾಣಬಹುದು.