ಇನ್‌ಕಾಂಟಿನೆನ್ಶಿಯಾ ಪಿಗ್ಮೆಂಟಿ ಇರುವ ಮಗುವಿನ ಕಣ್ಣು: ಯಾವಾಗ, ಏನು ಮಾಡಿಸಬೇಕು

ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿನ ಮೈಮೇಲೆ ಗೆರೆಗೆರೆಯಾಗಿ ನೀರುಗುಳ್ಳೆ ಏಳುತ್ತದೆ, ಚರ್ಮದ ಡಾಕ್ಟರು ಇನ್‌ಕಾಂಟಿನೆನ್ಶಿಯಾ ಪಿಗ್ಮೆಂಟಿ (ಜೀನಿನ ದೋಷದಿಂದ ಬರುವ ಕಾಯಿಲೆ) ಎನ್ನುತ್ತಾರೆ, ಮನೆಯವರ ಗಮನವೆಲ್ಲ ಆ ಗುಳ್ಳೆಗಳ ಮೇಲೇ ಇರುತ್ತದೆ. ಸಹಜವೇ. ಆದರೆ ಗುಳ್ಳೆ ತಾನಾಗಿ ಒಣಗುತ್ತದೆ. ಆಮೇಲೆ ನರಹುಲಿಯಂಥ ಗಂಟುಗಳು, ಅದಾದ ಮೇಲೆ ಸುಳಿಸುಳಿಯಾದ ಕಂದು ಗೆರೆಗಳು, ಅವೂ ವರ್ಷಗಳು ಕಳೆದಂತೆ ಮಾಸುತ್ತವೆ. ರೆಟಿನಾಗೆ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರಕ್ಕೆ, ಆದ ಹಾನಿ ಹಾಗೆ ಮಾಸುವುದಿಲ್ಲ. ಅದಕ್ಕೇ ಕಾಯಿಲೆ ಗೊತ್ತಾದ ಕೂಡಲೇ ಕಣ್ಣು ತೋರಿಸಿ, ಚರ್ಮ ಮೊದಲು ವಾಸಿಯಾಗಲಿ ಅಂತ ಕಾಯಬೇಡಿ.

ಎಲ್ಲರಿಗೂ ಕಣ್ಣಿನ ತೊಂದರೆ ಬರುವುದಿಲ್ಲ, ಬಹಳಷ್ಟು ಮಕ್ಕಳ ದೃಷ್ಟಿ ಚೆನ್ನಾಗಿಯೇ ಇರುತ್ತದೆ. ಬಂದವರಲ್ಲಿ ಆಗುವುದು ಹೀಗೆ: ರೆಟಿನಾದ ಅಂಚಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ರಕ್ತ ಸಿಗದ ಜಾಗದ ಸುತ್ತ ಹೊಸ ನಾಳಗಳು ಹುಟ್ಟುತ್ತವೆ, ಆದರೆ ಅವು ತುಂಬಾ ಬಡಕಲು. ಸೋರುತ್ತವೆ, ರಕ್ತ ಸುರಿಸುತ್ತವೆ, ಜೊತೆಗೆ ಬೆಳೆಯುವ ಗಾಯದ ಪೊರೆ ರೆಟಿನಾವನ್ನು ಎಳೆದು ಕಿತ್ತುಬಿಡಬಹುದು. ಇದು ಮೊದಲ ಕೆಲವು ವಾರ, ತಿಂಗಳುಗಳಲ್ಲೇ ಆಗುವ ಸಾಧ್ಯತೆ ಜಾಸ್ತಿ, ಮಗು ಅಳುವುದೂ ಇಲ್ಲ, ಕಣ್ಣು ಕೆಂಪಾಗುವುದೂ ಇಲ್ಲ. ಒಂದು ಕಣ್ಣು ಪೂರ್ತಿ ಕೆಟ್ಟು ಇನ್ನೊಂದು ಚೆನ್ನಾಗಿದ್ದರಂತೂ ಮಗು ಎಲ್ಲರನ್ನೂ ನೋಡಿ ನಗುತ್ತಿರುತ್ತದೆ, ಮನೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ.

ಯಾರಿಗೆ ತೋರಿಸುವುದು? ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ರೆಟಿನಾ ನೋಡುವ ತಜ್ಞರು ಸಿಕ್ಕರೆ ಒಳ್ಳೆಯದು. ಪುಟ್ಟ ಕಣ್ಣಿನ ಅಂಚಿನವರೆಗೂ ನೋಡಿ ಅವರಿಗೆ ಅಭ್ಯಾಸ ಇರುತ್ತದೆ. ಬರಿಯ ಟಾರ್ಚ್ ಹಾಕಿ ನೋಡಿ "ಕಣ್ಣು ಸರಿಯಿದೆ" ಅಂದರೆ ಒಪ್ಪಿಕೊಳ್ಳಬೇಡಿ, ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿಯೇ ನೋಡಬೇಕು. ಅನುಮಾನ ಬಂದರೆ ಅರಿವಳಿಕೆ ಕೊಟ್ಟು ಫ್ಲೂರೆಸಿನ್ ಆಂಜಿಯೋಗ್ರಫಿ (ರಕ್ತಕ್ಕೆ ಬಣ್ಣದ ದ್ರವ ಸೇರಿಸಿ ರೆಟಿನಾದ ನಾಳಗಳ ಫೋಟೋ ತೆಗೆಯುವುದು) ಮಾಡೋಣ ಎನ್ನಬಹುದು. ಅಷ್ಟು ಚಿಕ್ಕ ಮಗುವಿಗೆ ಅರಿವಳಿಕೆ ಅಂದರೆ ಯಾರಿಗಾದರೂ ಭಯವಾಗುತ್ತದೆ, ಅಲ್ವಾ? ಅಪಾಯ ಎಷ್ಟು, ಪ್ರಯೋಜನ ಏನು ಅಂತ ಬಿಡಿಸಿ ಕೇಳಿ. ಮುಚ್ಚಿದ ನಾಳಗಳು ಬರಿಯ ಪರೀಕ್ಷೆಯಲ್ಲಿ ತಪ್ಪಿಹೋಗಬಹುದು, ಆಂಜಿಯೋಗ್ರಫಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ಮೊದಲ 3–4 ತಿಂಗಳು ಪ್ರತಿ ತಿಂಗಳು, ಆಮೇಲೆ 1 ವರ್ಷದವರೆಗೆ 3 ತಿಂಗಳಿಗೊಮ್ಮೆ, 3 ವರ್ಷದವರೆಗೆ 6 ತಿಂಗಳಿಗೊಮ್ಮೆ, ಮುಂದೆ ವರ್ಷಕ್ಕೊಮ್ಮೆ. ಏನಾದರೂ ಕಂಡರೆ ಡಾಕ್ಟರು ಇನ್ನೂ ಬೇಗ ಬೇಗ ಕರೆಯುತ್ತಾರೆ. ಎರಡು ಸಲ ಸರಿಯಿತ್ತು ಅಂತ ಮೂರನೆಯದನ್ನು ಸುಮ್ನೆ ಬಿಟ್ಟುಬಿಡಬೇಡಿ.

ಹೊಸ ನಾಳಗಳು ಕಂಡರೆ, ರಕ್ತ ಸಿಗದ ಜಾಗಕ್ಕೆ ಲೇಸರ್ ಕೊಡುತ್ತಾರೆ. ಕೆಲವೊಮ್ಮೆ ಕಣ್ಣಿನೊಳಗೆ ಇಂಜೆಕ್ಷನ್ ಕೂಡ. ರೆಟಿನಾ ಆಗಲೇ ಕಿತ್ತುಬಂದಿದ್ದರೆ ಆಪರೇಷನ್ನೇ ಗತಿ, ಆದರೆ ಅದರ ಫಲ ಅಷ್ಟು ಚೆನ್ನಾಗಿರುವುದಿಲ್ಲ. ಹಾಗಾಗಿ ಲೇಸರ್ ಬೇಕು ಎಂದಾಗ ದಿನ ತಳ್ಳಬೇಡಿ. ದೃಷ್ಟಿ ಒಂದು ಕಣ್ಣಿನಲ್ಲಿ ಕಡಿಮೆಯಿದ್ದರೆ ಕನ್ನಡಕ ಕೊಡಬಹುದು, ಮಂದವಾದ ಕಣ್ಣು ಕೆಲಸ ಮಾಡಲಿ ಅಂತ ಚೆನ್ನಾಗಿರುವ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಹಾಕಿ ಅನ್ನಬಹುದು. ಮಗು ಕಿತ್ತೆಸೆಯುತ್ತದೆ, ಹಟ ಮಾಡುತ್ತದೆ, ಆದರೂ ಬಿಡಬೇಡಿ.

ಮನೆಯಲ್ಲಿ ಗಮನಿಸಬೇಕಾದವು: ಮೆಳ್ಳೆಗಣ್ಣು, ಒಂದೇ ಸಮ ಅದುರುವ ಕಣ್ಣು, ಫೋಟೋದಲ್ಲಿ ಪಾಪೆ ಬಿಳಿಯಾಗಿ ಕಾಣುವುದು, ಒಂದು ಕಣ್ಣು ಮುಚ್ಚಿದರೆ ರೇಗುವ ಮಗು ಇನ್ನೊಂದನ್ನು ಮುಚ್ಚಿದರೆ ಸುಮ್ಮನಿರುವುದು. ಇವು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಹೋಗಿ. ಫಿಟ್ಸ್ ಬಂದರೆ ಅಥವಾ ಒಂದು ಕೈ ಕಾಲು ಆಡಿಸದಿದ್ದರೆ ನೇರವಾಗಿ ತುರ್ತು ಚಿಕಿತ್ಸೆಗೆ, ಯಾಕೆಂದರೆ ಇದೇ ಕಾಯಿಲೆ ಮೆದುಳನ್ನೂ ಮುಟ್ಟಬಹುದು. ರೆಟಿನಾದಲ್ಲಿ ಹೊಸ ನಾಳಗಳು ಕಂಡ ಮಕ್ಕಳಿಗೆ ಮೆದುಳಿನ ಎಂಆರ್‌ಐ ಬೇಕೇ ಅಂತ ನೀವೇ ಕೇಳಿ. ದೊಡ್ಡವರಾದ ಮೇಲೂ ಕಣ್ಣೆದುರು ಮಿಂಚು, ತೇಲುವ ಕಪ್ಪು ಚುಕ್ಕೆಗಳ ಸುರಿಮಳೆ, ಪರದೆ ಬಿದ್ದಂತೆ ಆದರೆ ಅವತ್ತೇ ತೋರಿಸಬೇಕು.

ಇನ್ನು ತಾಯಿಯ ವಿಷಯ. ಇದು ಎಕ್ಸ್ ಕ್ರೋಮೋಸೋಮಿನ ಐಕೆಬಿಕೆಜಿ ಎಂಬ ಜೀನಿನ ದೋಷದಿಂದ ಬರುವುದರಿಂದ ಹೆಚ್ಚಾಗಿ ಹೆಣ್ಣುಮಕ್ಕಳಲ್ಲೇ ಕಾಣುತ್ತದೆ. ಮಗುವಿನಲ್ಲಿ ಹೊಸದಾಗಿಯೂ ಹುಟ್ಟಬಹುದು, ತಾಯಿಯಿಂದಲೂ ಬಂದಿರಬಹುದು. ಕಾಲಿನ ಮೇಲೆ ಮಾಸಿದ ಬಿಳಿ ಗೆರೆಗಳು, ಮೊನಚಾದ ಅಥವಾ ಹುಟ್ಟದೇ ಉಳಿದ ಹಲ್ಲುಗಳು ಇದ್ದರೆ ತಾಯಿಯೂ ಪರೀಕ್ಷೆ ಮಾಡಿಸಿಕೊಳ್ಳಲಿ, ತಮ್ಮ ರೆಟಿನಾವನ್ನೂ ತೋರಿಸಲಿ. ತಾಯಿಗೆ ಇದ್ದರೆ ಪ್ರತಿ ಬಸಿರಿನಲ್ಲೂ ಆ ಜೀನು ದಾಟುವ ಸಾಧ್ಯತೆ 50%. ಹಾಗಾಗಿ ಮುಂದಿನ ಬಸಿರಿಗೆ ಮುಂಚೆಯೇ ಜೆನೆಟಿಕ್ ಕೌನ್ಸೆಲಿಂಗ್‌ಗೆ (ಜೀನಿನ ಕಾಯಿಲೆಗಳ ಬಗ್ಗೆ ತಜ್ಞರ ಸಲಹೆಗೆ) ಹೋಗಿ, ಆ ಮಗು ಹುಟ್ಟುವ ಮೊದಲೇ ಕಣ್ಣಿನ ಡಾಕ್ಟರಿಗೆ ವಿಷಯ ತಿಳಿಸಿಡಿ.