ಹೂಳು ತೆಗೆದೆವು, ನೀರೇ ಬರಲಿಲ್ಲ

ತುಮಕೂರು ಕಡೆಯ ನಮ್ಮ ಊರಿನ ಗೋಕಟ್ಟೆ, ಅಂದರೆ ದನಕರು ನೀರು ಕುಡಿಯುವ ಕಟ್ಟೆ, 20 ಗುಂಟೆಯದು. ಬೋರ್‌ವೆಲ್ ಬಂದ ಮೇಲೆ ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಜೊಂಡು, ಬಳ್ಳಾರಿ ಜಾಲಿ, ಪ್ಲಾಸ್ಟಿಕ್ಕು. ಒಂದು ಯುಗಾದಿ ಕಳೆದ ಮೇಲೆ ಹತ್ತು ಹನ್ನೆರಡು ಜನ ಸೇರಿ, ಪಂಚಾಯಿತಿಯ ಅನುಮತಿ ಪಡೆದು ಜೆಸಿಬಿ ಇಳಿಸಿದೆವು.

ಜೆಸಿಬಿ ಬಾಡಿಗೆಗೆ ಮನೆಮನೆ ಚಂದಾ ಎತ್ತಿದೆವು. ಹೂಳು ಸಾಗಿಸುವ ಖರ್ಚು ಮಾತ್ರ ಬೀಳಲಿಲ್ಲ. ಕಟ್ಟೆ ಮಣ್ಣಿನ ಬೆಲೆ ಗೊತ್ತಿದ್ದ ರೈತರು ತಾವೇ ಟ್ರ್ಯಾಕ್ಟರ್ ತಂದು ಹೊಲಕ್ಕೆ ಹೊಡೆದುಕೊಂಡರು. ಎರಡಡಿ ಹೂಳು ತಾನೇ ಅಂದುಕೊಂಡಿದ್ದೆ. 400 ಲೋಡ್ ದಾಟಿತು!

ಇನ್ನೂ ಆಳ ತೆಗೆಯೋಣ ಅಂತ ಹುಡುಗರ ಹಠ. ಹಿಂದೆ ಕೆರೆ ಕಟ್ಟೆಯ ನೀರು ನೋಡಿಕೊಳ್ಳುವ ನೀರಗಂಟಿಯಾಗಿದ್ದ ಅಜ್ಜ ಏರಿ ಮೇಲೆ ಕೂತು, "ಜೇಡಿ ಕಂಡ ತಕ್ಷಣ ನಿಲ್ಲಿಸ್ರಪ್ಪಾ, ಅದನ್ನ ಒಡೆದ್ರೆ ನೀರು ನಿಲ್ಲಲ್ಲ" ಅಂದರು. ನಿಲ್ಲಿಸಿದೆವು. "ನೀರು ಎಲ್ಲಿಂದ ಬರ್ತದೆ, ನೋಡಿದ್ರಾ?" ಅಂತಲೂ ಕೇಳಿದ್ದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವರ್ಷ ಹಸ್ತ, ಚಿತ್ತಾ ಎರಡೂ ಮಳೆ ಚೆನ್ನಾಗಿ ಸುರಿದವು. ಹೂಳು ತೆಗೆದ ಜಾಗದಲ್ಲೇ 12 ಲಕ್ಷ ಲೀಟರ್ ನೀರು ಹಿಡಿಯಬೇಕಿತ್ತು. ನಿಂತದ್ದು ಮೊಣಕಾಲುದ್ದ. ಪಕ್ಕದ ರಸ್ತೆ ಮೇಲೆ ಮಾತ್ರ ಹೊಳೆ. ಚಂದಾ ಕೊಟ್ಟವರಿಗೆ ಮುಖ ತೋರಿಸುವುದು ಕಷ್ಟವಾಯಿತು.

ಕೊಡೆ ಹಿಡಿದು ನೀರಿನ ಜಾಡಿನಲ್ಲೇ ಹೋದೆ. ಗುಡ್ಡದಿಂದ ಇಳಿಯುವ ಹಳ್ಳಕ್ಕೆ ಅಡ್ಡವಿದ್ದ ರಸ್ತೆಯ ಮೋರಿ ಮಣ್ಣು ತುಂಬಿ ಮುಚ್ಚಿತ್ತು. ಅದರಾಚೆ ಹಳ್ಳವನ್ನೇ ರೈತರೊಬ್ಬರು ಉತ್ತು ರಾಗಿ ಹಾಕಿದ್ದರು. ಗ್ರಾಮ ನಕ್ಷೆಯಲ್ಲಿ ಹಳ್ಳ ಸ್ಪಷ್ಟವಾಗಿತ್ತು, ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಯ ಸರ್ಕಾರಿ ಜಾಗ. ನಕ್ಷೆ ಹಿಡಿದು ಹೋಗಿದ್ದು ನಮ್ಮ ಪೆದ್ದತನ, ಸುಮ್ನೆ ಜಗಳವಾಯಿತು. ಆಮೇಲೆ ಅಜ್ಜನನ್ನು ಮುಂದೆ ಬಿಟ್ಟುಕೊಂಡು ಹೋದೆವು. ಕಟ್ಟೆಯಿಂದ ಕೂಗಳತೆಯಲ್ಲಿದ್ದ ಆ ರೈತರ ಬೋರ್ ಬತ್ತಿತ್ತು. "ಕಟ್ಟೆ ತುಂಬಿದ್ರೆ ನಿನ್ ಬೋರಿಗೂ ಒಳ್ಳೇದಲ್ವೇನೋ" ಅಂತ ಅಜ್ಜ ಕೇಳಿದರು. ರಾಗಿ ಕುಯ್ಲಾಗಲಿ, ಬಿಟ್ಟುಕೊಡ್ತೀನಿ ಅಂದರು.

ಮುಂದಿನ ಬೇಸಿಗೆಯಲ್ಲಿ ನರೇಗಾ ಕೆಲಸದಲ್ಲಿ ಹಳ್ಳ ಬಿಡಿಸಿದೆವು. ನೀರು ಕಟ್ಟೆಗೆ ಇಳಿಯುವ ಕಡೆ ಒಂದು ಗುಂಡಿ ತೆಗೆದೆವು, ಹೂಳು ಅಲ್ಲೇ ಕೂರಲಿ ಅಂತ. ಒಂದು ಮೂಲೆಯ ಜೊಂಡನ್ನು ಕೀಳಲಿಲ್ಲ, ನೀರುಕೋಳಿಗೆ ಬೇಕಲ್ಲ.

ಆ ಸಲ ಕಟ್ಟೆ ತುಂಬಿ ಕೋಡಿ ಬಿತ್ತು.

ಗುಂಡಿಯ ಹೂಳನ್ನು ಈಗ ಪ್ರತಿ ಬೇಸಿಗೆ ತೆಗೆಯುತ್ತೇವೆ. ಜಾಸ್ತಿಯೇನಲ್ಲ, ನಾಲ್ಕೈದು ಲೋಡು. ಅದಕ್ಕೂ ರೈತರು ಸರದಿ ಹಾಕಿಕೊಂಡಿದ್ದಾರೆ. ಈ ವರ್ಷ ಹಳ್ಳ ಬಿಟ್ಟುಕೊಟ್ಟವರದು.